ಶನಿವಾರ ಕೆಡುವ ಸ್ಕೂಟರ್

ಶಾಮಣ್ಣನ ಸ್ಕೂಟರ್ ಮುಂಬಯಿಯ ಬೊರಿವಲಿಗೆ ಬಂದದ್ದು ಕೈಗಾಡಿಯ ಮೇಲೆ. ಜೋಗೇಶ್ವರಿಯಿಂದ ಇಬ್ಬರು ಹಮಾಲರು ಅದನ್ನು ಹಗ್ಗದಲ್ಲಿ ಬಿಗಿದು ತಳ್ಳಿಕೊಂಡು ಬಂದರು. ಶಾಮಣ್ಣ ಒಮ್ಮೆ ಗಾಡಿಯ ಮುಂದೆ, ಒಮ್ಮೆ ಹಿಂದೆ ಓಡುತ್ತ, ರಸ್ತೆಯಲ್ಲಿ ಗುಂಡಿ ಕಂಡಾಗಲೆಲ್ಲ "ಸಂಭಾಲ್ ಕೇ, ಸಂಭಾಲ್ ಕೇ" ಎನ್ನುತ್ತ ಬಂದ. ಓಡಬೇಕಾದ ಗಾಡಿಯನ್ನು ಹೊತ್ತು ತಂದದ್ದೇಕೆ ಎಂದು ಬಿಲ್ಡಿಂಗಿನ ಗೇಟಿನಲ್ಲಿ ನಿಂತವರು ಕೇಳಿದರು. "ಮೊದಲ ದಿನವೇ ದಣಿಸೋದು ಬೇಡ ಅಂತ," ಎಂದ. ಅದನ್ನು ಓಡಿಸಲು ತನಗೆ ಇನ್ನೂ ಬರುವುದಿಲ್ಲ ಎಂಬ ಸಣ್ಣ ವಿಷಯವನ್ನು ಹೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

ಅದು ಪೆಟ್ರೋಲಿನ ಸ್ಕೂಟರ್ ಆಗಿರಲಿಲ್ಲ. ಎಂಬತ್ತೆಂಟನೆಯ ಇಸವಿಯಲ್ಲಿ ಬೊರಿವಲಿಯವರು ಕಂಡು ಕೇಳಿರದ, ಬ್ಯಾಟರಿಯಿಂದ ಓಡುವ ಸ್ಕೂಟರ್. ಜೋಗೇಶ್ವರಿಯಲ್ಲಿ, ಕಾರ್ಖಾನೆಗಳ ಒಳಗೆ ಸಾಮಾನು ಸಾಗಿಸುವ ಬ್ಯಾಟರಿ ಗಾಡಿಗಳನ್ನು ಮಾಡುವವನೊಬ್ಬನಿದ್ದ. ಅವನಿಗೆ ಒಂದು ಸಲ ಹುಮ್ಮಸ್ಸು ಬಂದು ನಾಲ್ಕು ಸ್ಕೂಟರ್ ಮಾಡಿದ್ದ. ಹುಮ್ಮಸ್ಸು ಇಳಿದ ಮೇಲೆ ಮೂರನ್ನು ಗುಜರಿಗೆ ಹಾಕಿ, ನಾಲ್ಕನೆಯದನ್ನು ತಾನೇ ಎರಡು ವರ್ಷ ಓಡಿಸಿ ಬೇಸತ್ತಿದ್ದ. ಫೋರ್ಟಿನ ವಿಮಾ ಆಫೀಸಿನಲ್ಲಿ ಶಾಮಣ್ಣನ ಪಕ್ಕದ ಮೇಜಿನ ಜಯಸಿಂಹನಿಗೆ ಅವನ ಪರಿಚಯವಿತ್ತು. ಈ ಸುದ್ದಿಯನ್ನು ಜಯಸಿಂಹ ಊಟದ ಡಬ್ಬಿ ಬಿಚ್ಚುವಾಗ ಹೇಳಿದ. ಡಬ್ಬಿ ಮುಚ್ಚುವ ಹೊತ್ತಿಗೆ ಶಾಮಣ್ಣ ಮನಸ್ಸಿನಲ್ಲಿ ಅದರ ಮೇಲೆ ಕೂತಾಗಿತ್ತು.

ಅಷ್ಟು ಅವಸರಕ್ಕೆ ಕಾರಣವಿತ್ತು. ಅವನ ಹೆಂಡತಿ ಕೌಸಲ್ಯಾ ಚೆನ್ನಾಗಿ ಹಾಡುತ್ತಿದ್ದಳು. ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ಕನ್ನಡ ಸಂಘದವರು ರೈಲು ಹಳಿಯ ಆಚೆ ಬದಿಯ ಶಾಲೆಯಲ್ಲಿ ಸಂಗೀತದ ಸಂಜೆ ಇಟ್ಟುಕೊಳ್ಳುತ್ತಿದ್ದರು. ಹಿಂದಿನ ವರ್ಷ ಅವಳು ಮಂಡಿನೋವು, ಆಟೋದಲ್ಲಿ ಹೋಗೋಣ ಎಂದಿದ್ದಳು. "ಆಟೋ ಸುತ್ತಿ ಬರೋಕೆ ಅರ್ಧ ಗಂಟೆ. ಸ್ಟೇಷನ್ ಬ್ರಿಜ್ ಹತ್ತಿ ಇಳಿದರೆ ಹತ್ತು ನಿಮಿಷ," ಎಂದು ಶಾಮಣ್ಣ ಲೆಕ್ಕ ಕೊಟ್ಟ. ಬ್ರಿಜ್ಜಿನ ಅರ್ಧದಲ್ಲಿ ಅವಳ ಮಂಡಿ ಹಿಡಿದುಕೊಂಡಿತು. ಅಷ್ಟರಲ್ಲಿ ಚರ್ಚ್‌ಗೇಟಿನ ಲೋಕಲ್ ರೈಲು ಬಂತು. ಇಳಿದು ಬರುವ ಜನದ ನಡುವೆ ಕಂಬಿ ಹಿಡಿದು, ರೇಷ್ಮೆ ಸೀರೆ ಉಟ್ಟುಕೊಂಡು ಮುಕ್ಕಾಲು ಗಂಟೆ ನಿಂತಳು. ಇಬ್ಬರೂ ಶಾಲೆ ತಲುಪಿದಾಗ ಒಬ್ಬರು ವಂದನಾರ್ಪಣೆ ಮಾಡುತ್ತಿದ್ದರು. ಕೌಸಲ್ಯಾ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಶಾಮಣ್ಣನಿಗೆ ನಿದ್ರೆಯಾದರೂ ಬರುತ್ತಿತ್ತು.

ಈಗ ಅವನು ಸ್ಕೂಟರಿನ ಹಿಂದಿನ ಸೀಟಿನ ಧೂಳು ಒರೆಸಿ ಹೇಳಿದ: "ಕೌಸಲ್ಯಾ, ಈ ಸಲ ನಿನ್ನ ಒಂದು ಮೆಟ್ಟಿಲೂ ಹತ್ತಿಸೋಲ್ಲ. ಮನೆ ಬಾಗಿಲಲ್ಲಿ ಕೂತರೆ ಸಂಘದ ಬಾಗಿಲಲ್ಲಿ ಇಳೀತೀಯ. ಇದು ನನ್ನ ಮಾತು."

"ಮೊದಲು ನೀವು ಕೂತ್ಕೊಳ್ಳೋದು ಕಲೀರಿ," ಎಂದು ಅವಳು ಒಳಗೆ ಹೋದಳು. ಆದರೆ ಆ ವಾರವೇ ಹಾಡು ಅಭ್ಯಾಸ ಮಾಡಲು ಶುರು ಮಾಡಿದಳು.

ಶಾಮಣ್ಣನ ಮನೆ ನೆಲಮಹಡಿಯಲ್ಲಿದ್ದುದು ಅನುಕೂಲವಾಯಿತು. ಕಿಟಕಿಯಿಂದ ವೈರು ಎಳೆದು, ಹೊರಗೆ ನಿಲ್ಲಿಸಿದ ಸ್ಕೂಟರಿಗೆ ಚಾರ್ಜ್ ಮಾಡಬಹುದಿತ್ತು. ಅದರ ವ್ಯವಸ್ಥೆ ಸರಳ. ಸೀಟು ಎತ್ತಿದರೆ ಲಾರಿಯಿಂದ ಇಳಿಸಿದಂತಿದ್ದ ಒಂದು ದೊಡ್ಡ ಬ್ಯಾಟರಿ; ಅದರ ತಲೆಯ ಮೇಲೆ ಹೆಬ್ಬೆರಳು ಗಾತ್ರದ ಎರಡು ಸೀಸದ ಗೂಟ. ಸ್ಕೂಟರಿನ ವೈರುಗಳನ್ನು ಕ್ಲಿಪ್ಪಿನಿಂದ ಈ ಗೂಟಗಳಿಗೆ ಕಚ್ಚಿಸಿದರೆ ಗಾಡಿ ಓಡುತ್ತದೆ. ಅವನ್ನು ಬಿಡಿಸಿ ಚಾರ್ಜರಿನ ಕ್ಲಿಪ್ ಕಚ್ಚಿಸಿದರೆ ಬ್ಯಾಟರಿ ತುಂಬುತ್ತದೆ. ವಾರಕ್ಕೊಮ್ಮೆ ತುಂಬಿಸಿದರೆ ಸ್ಟೇಷನ್ನಿಗೆ ಹೋಗಿ ಬರಲು ಸಾಕು ಎಂದು ಮಾರಿದವನು ಹೇಳಿದ್ದ.

"ಹಾಗಾದ್ರೆ ಶುಕ್ರವಾರ ತುಂಬಿಸು. ಒಳ್ಳೇ ದಿನ," ಎಂದರು ಶಾಮಣ್ಣನ ತಾಯಿ ಅಮ್ಮಣ್ಣಿಯವರು. ಎಪ್ಪತ್ತನಾಲ್ಕು ವರ್ಷದ ಅವರು ಮೈಸೂರಿನಿಂದ ಮಗನ ಮನೆಗೆ ಬಂದ ಮೇಲೆ ಬಿಲ್ಡಿಂಗಿನ ಕಾಂಪೌಂಡ್ ದಾಟಿದ್ದು ಕಡಿಮೆ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಮುಂಬಯಿ ನೋಡುತ್ತಿದ್ದರು. ಹೊಸ ಗಾಡಿಯನ್ನು ಎರಡು ಸುತ್ತು ಸುತ್ತಿ ಅವರು ಕೇಳಿದರು: "ಶಾಮು, ಇದಕ್ಕೆ ಇಂಜಿನ್ ಇಲ್ಲ ಅಂತೀಯ. ಪೂಜೆ ಎಲ್ಲಿಗೆ ಮಾಡ್ಲಿ?"

ಯಾರಾದರೂ ಏನಾದರೂ ಕೇಳಲಿ ಎಂದೇ ಶಾಮಣ್ಣ ಕಾಯುತ್ತಿದ್ದ. ಅವನು ಸೀಟನ್ನು ಎತ್ತಿ, ಕೆಂಪು ಬಣ್ಣ ಬಳಿದ ಗೂಟವನ್ನೂ ಕಪ್ಪು ಬಳಿದ ಗೂಟವನ್ನೂ ಮುಟ್ಟಿ ತೋರಿಸಿದ. "ಇದು ಪ್ಲಸ್ಸು, ಇದು ಮೈನಸ್ಸು. ಗಾಡಿಯ ಪ್ರಾಣ ಇರೋದು ಇಲ್ಲೇ ಅಮ್ಮ. ಮಿಕ್ಕಿದ್ದೆಲ್ಲ ಬರೀ ತಗಡು."

"ಶಾಕ್ ಹೊಡೆಯೋಲ್ವೇನೋ?"

"ಇಲ್ಲಮ್ಮ, ಇದು ಸಾಧು."

ಅಮ್ಮಣ್ಣಿಯವರು ತಲೆಯಾಡಿಸಿದರು. ಅರಿತವರು ಒಂದು ಸಲ ತೋರಿಸಿಕೊಟ್ಟರೆ ಅವರು ಮರೆಯುವವರಲ್ಲ.

ಬಿಲ್ಡಿಂಗಿನಲ್ಲಿ ಈ ಗಾಡಿಗೆ ಮೊದಲ ವಿರೋಧಿ ಸೊಸೈಟಿಯ ಸೆಕ್ರೆಟರಿ ಗುಪ್ತೆ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಗುಪ್ತೆಯವರಿಗೆ, ತಾವು ಬಿಟ್ಟ ಮೇಲೆ ದೇಶದಲ್ಲಿ ಒಂದು ವೈರೂ ಸರಿಯಾಗಿ ಕೂಡಿಲ್ಲ ಎಂಬ ನಂಬಿಕೆ ಇತ್ತು. ಕಿಟಕಿಯಿಂದ ಇಳಿದ ವೈರನ್ನು ನೋಡಿ, ಬಿಲ್ಡಿಂಗ್ ಒಂದು ದಿನ ಹೊತ್ತಿ ಉರಿಯುತ್ತದೆ, ಆಗ ತಾವು ಮೊದಲೇ ಹೇಳಿದ್ದನ್ನು ಎಲ್ಲರೂ ನೆನಪಿಟ್ಟುಕೊಳ್ಳಬೇಕು ಎಂದು ಮರಾಠಿಯಲ್ಲಿ ನೋಟೀಸು ಬರೆದು ಅಂಟಿಸಿದರು. ಎದುರು ಮನೆಯ ಮೋನಪ್ಪ ಮಾತ್ರ ಖುಷಿಪಟ್ಟ. ಉಡುಪಿ ಕಡೆಯವನಾದ ಅವನದು ಸ್ಟೇಷನ್ ಬಳಿ ಒಂದು ಹೋಟೆಲು. ಮನೆಯಲ್ಲಿದ್ದಾಗಲೂ ಹೆಗಲ ಮೇಲೆ ಟವೆಲ್ ಇರುತ್ತಿತ್ತು. "ಶಬ್ದವೇ ಇಲ್ಲ ಅಲ್ವಾ ಮಾರಾಯ್ರೆ. ಒಳ್ಳೆದುಂಟು," ಎಂದ.

ಶಬ್ದವಿಲ್ಲದ್ದೇ ಒಂದು ತೊಂದರೆ. ಗಾಡಿ ಚಾಲು ಆಗಿದೆಯೋ ಇಲ್ಲವೋ ಎಂಬುದು ಹ್ಯಾಂಡಲಿನ ಕಿವಿ ತಿರುವಿದಾಗಲೇ ಗೊತ್ತಾಗಬೇಕು. ಚಾಲು ಇದ್ದರೆ ಮುಂದಕ್ಕೆ ನೆಗೆಯುತ್ತಿತ್ತು. ಹೀಗೆ ನೆಗೆದು ಗುಪ್ತೆಯವರ ತುಳಸಿ ಕುಂಡಕ್ಕೆ ಎರಡು ಸಲ ಹೋಗಿ ನಿಂತಿತ್ತು. ಆದರೂ ವಾರದೊಳಗೆ ಶಾಮಣ್ಣ ಕಲಿತ. ಸೋಮವಾರದಿಂದ ಶುಕ್ರವಾರದವರೆಗೆ ಅವನು ಸ್ಟೇಷನ್ನಿಗೆ ಸ್ಕೂಟರಿನಲ್ಲಿ ಹೋಗಿ ಬಂದ. ಹಾಲಿನ ಬೂತಿನ ಮುಂದೆ ಕ್ಯೂ ನಿಂತವರು ತಿರುಗಿ ನೋಡಿದರು. ಅವರು ನೋಡದ ದಿನ ಅವನೇ ಹಾರ್ನ್ ಹೊಡೆದ.

ಶುಕ್ರವಾರ ಚಾರ್ಜಿಗೆ ಹಾಕಿದ. ಶನಿವಾರ ಬೆಳಿಗ್ಗೆ ಗಾಡಿ ಮಿಸುಕಲಿಲ್ಲ.

ಶಾಮಣ್ಣ ಬೀಗದ ಕೈ ತಿರುಗಿಸಿದ, ಕಿವಿ ತಿರುವಿದ, ಇಳಿದ, ಹತ್ತಿದ. ಒಳಗೆ ಹೋಗಿ ಕಾಫಿಯ ಲೋಟ ಎತ್ತಿಕೊಂಡು, ಕುಡಿಯದೆ ಇಟ್ಟು ಮತ್ತೆ ಬಂದು ತಿರುವಿದ. ಅವನ ಓಡಾಟ ನೋಡಲಾರದೆ ಮೋನಪ್ಪ ಎದ್ದು ಬಂದ.

"ಇದು ಮೋಟಾರಿಂದು ಬ್ರಶ್ಶು ಸವೆದದ್ದು ಶಾಮಣ್ಣ," ಎಂದ ಮೋನಪ್ಪ. "ನನ್ನ ಹೋಟೆಲಿನ ಗ್ರೈಂಡರ್ ಉಂಟಲ್ಲ, ಅದೂ ಹೀಗೇ ಮಾಡ್ತದೆ. ಇಡ್ಲಿ ಹಿಟ್ಟು ಅರ್ಧ ಆಗುವಾಗ ಮುಷ್ಕರ."

"ಇದು ಗ್ರೈಂಡರ್ ಅಲ್ಲ ಮೋನಪ್ಪ. ಬಹಳ ಸೂಕ್ಷ್ಮವಾದ ಯಂತ್ರ."

"ತಿರುಗುವುದೆಲ್ಲ ಒಂದೇ ಮಾರಾಯ್ರೆ. ಮೊದಲು ಕರೆಂಟ್ ತೆಗೆಯುವ."

ಮೋನಪ್ಪ ಸೀಟು ಎತ್ತಿ ಕ್ಲಿಪ್ಪುಗಳನ್ನು ಬಿಡಿಸಿದ. ಇಪ್ಪತ್ತು ವರ್ಷ ಹೋಟೆಲು ನಡೆಸಿದವನ ಕಣ್ಣಿಗೆ ಎಲ್ಲಾದರೂ ಏನಾದರೂ ಮೆತ್ತಿಕೊಂಡದ್ದು ಕಂಡರೆ ಕೈ ತಾನಾಗಿ ಟವೆಲಿಗೆ ಹೋಗುತ್ತದೆ. ಹೆಗಲ ಟವೆಲಿನಿಂದ ಅಲ್ಲಿ ಇಲ್ಲಿ ಒರೆಸಿದ. ಆಮೇಲೆ ಒಂದು ಗಂಟೆ ನೆಲದ ಮೇಲೆ ಮಲಗಿ ಮೋಟಾರು ಬಿಚ್ಚಿ, ಒಳಗಿನ ಬ್ರಶ್ಶು ಎಂಬ ಇದ್ದಿಲಿನ ತುಂಡುಗಳನ್ನು ಉಜ್ಜಿ, ಪುನಃ ಜೋಡಿಸಿದ. ಕ್ಲಿಪ್ ಹಾಕಿ ಕಿವಿ ತಿರುವಿದಾಗ ಸ್ಕೂಟರ್ ಜಿಗಿದು ತುಳಸಿ ಕುಂಡದ ಕಡೆ ಹೋಯಿತು.

"ಬ್ರಶ್ಶು," ಎಂದ ಮೋನಪ್ಪ, ಕೈ ಒರೆಸಿಕೊಳ್ಳುತ್ತ.

ಮುಂದಿನ ಶನಿವಾರ ಮತ್ತೆ ಅದೇ. ಈ ಸಲ ಮೋನಪ್ಪ ಹೋಟೆಲಿಗೆ ಹೋಗಿಯಾಗಿತ್ತು. ಶಾಮಣ್ಣ ಗಾಡಿಯ ಸುತ್ತ ಸುತ್ತುವುದನ್ನು ಮೇಲಿನಿಂದ ಅರ್ಧ ಗಂಟೆ ನೋಡಿದ ಗುಪ್ತೆಯವರು, ಬಿಲ್ಡಿಂಗ್ ಸುಡುವ ಗಾಡಿಯನ್ನು ರಿಪೇರಿ ಮಾಡುವುದು ತಮ್ಮ ನೋಟೀಸಿಗೆ ವಿರುದ್ಧವಾಗುತ್ತದೆಯೇ ಎಂದು ಯೋಚಿಸಿ, ಕೊನೆಗೆ ತಡೆಯಲಾರದೆ ಇಳಿದು ಬಂದರು.

"ಪಾನಿ," ಎಂದರು ಗುಪ್ತೆ. ಬ್ಯಾಟರಿಗೆ ಬಾಯಾರಿಕೆಯಾಗಿದೆ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಂಥ ನೂರು ಬ್ಯಾಟರಿಗಳಿಗೆ ತಾವು ನೀರು ಕುಡಿಸಿದ್ದುಂಟು ಎಂದು ಹಿಂದಿಯಲ್ಲಿ ವಿವರಿಸಿದರು. ಶಾಮಣ್ಣ ಪೆಟ್ರೋಲ್ ಪಂಪಿಗೆ ಓಡಿ ಡಿಸ್ಟಿಲ್ಡ್ ವಾಟರ್ ಬಾಟಲಿ ತಂದ. ಗುಪ್ತೆಯವರು ಬಾಟಲಿ ಬಗ್ಗಿಸಿದರು. ಬ್ಯಾಟರಿಯ ಒಳಗೆ ಹೋದಷ್ಟೇ ನೀರು ಹೊರಗೂ ಹೋಯಿತು. ನಾಜೂಕಿನ ಮನುಷ್ಯರಾದ ಅವರು ಕ್ಲಿಪ್ಪುಗಳನ್ನು ಬಿಡಿಸಿ ಎಲ್ಲವನ್ನೂ ಹಳೆಯ ಬನಿಯನ್ನಿನಿಂದ ಚೆನ್ನಾಗಿ ಉಜ್ಜಿ ಒಣಗಿಸಿ ಮತ್ತೆ ಹಾಕಿದರು. ಸ್ಕೂಟರ್ ಜಿಗಿಯಿತು. ತಮ್ಮ ತುಳಸಿ ಕುಂಡ ಒಡೆದದ್ದಕ್ಕೂ ಗುಪ್ತೆಯವರು ಅಂದು ಸಿಟ್ಟಾಗಲಿಲ್ಲ. ಸಂಜೆ ತಮ್ಮ ನೋಟೀಸನ್ನು ತಾವೇ ಹರಿದುಹಾಕಿದರು.

ಹೀಗೆ ಬಿಲ್ಡಿಂಗಿನಲ್ಲಿ ಎರಡು ಪಕ್ಷಗಳಾದವು. ಬ್ರಶ್ಶಿನ ಪಕ್ಷದವರು ಮೋನಪ್ಪನ ಬಾಗಿಲಲ್ಲಿ ಸೇರುತ್ತಿದ್ದರು. ನೀರಿನ ಪಕ್ಷದವರು ಮೆಟ್ಟಿಲ ಮೇಲೆ. ಸ್ಕೂಟರ್ ಕಂಡಿರದ ಮೂರನೆಯ ಮಹಡಿಯ ಮುದುಕರೂ ಒಂದೊಂದು ಕಡೆ ಸೇರಿದರು. ಮೂರನೆಯ ಶನಿವಾರ ಗಾಡಿ ನಿಂತಾಗ ಎರಡೂ ಪಕ್ಷದ ನಾಯಕರು ಒಟ್ಟಿಗೇ ಬಂದು, ಒಬ್ಬರು ಕೆಳಗೂ ಒಬ್ಬರು ಮೇಲೂ ಕೆಲಸ ಮಾಡಿದರು. ಗಾಡಿ ಹೊರಟಿತು. ಯಾರಿಂದ ಹೊರಟಿತು ಎಂಬುದು ಇತ್ಯರ್ಥವಾಗದೆ, ಗಣಪತಿಗೆ ಒಟ್ಟಿಗೆ ವಂತಿಗೆ ಎತ್ತಿದ್ದ ಮೋನಪ್ಪನೂ ಗುಪ್ತೆಯವರೂ ಮಾತು ಬಿಟ್ಟರು.

ಅಮ್ಮಣ್ಣಿಯವರದು ಮೂರನೆಯ ಪಕ್ಷ. ಅವರೊಬ್ಬರೇ ಅದರ ಸದಸ್ಯರು. "ಶನಿವಾರ ಶನಿವಾರವೇ ಯಾಕೆ ಕೆಡುತ್ತೆ? ಬೇರೆ ದಿನ ಇಲ್ವಾ? ಶಾಮು, ನಿನ್ನ ಗಾಡಿಗೆ ಶನಿ ಹಿಡಿದಿದ್ದಾನೆ."

"ಬ್ಯಾಟರಿಗೆ ಶನಿ ಹಿಡಿಯೋಲ್ಲ ಅತ್ತೆ," ಎಂದಳು ಕೌಸಲ್ಯಾ.

"ಕಬ್ಬಿಣ, ಎಣ್ಣೆ, ಸೀಸ ಎಲ್ಲ ಅವನದೇ ಕಣೆ."

ಬರೀ ಮಾತಿಗೆ ನಿಲ್ಲಿಸುವವರಲ್ಲ ಅವರು. ಮೊದಲ ಶುಕ್ರವಾರದಿಂದಲೇ ಪೂಜೆ ಶುರುವಾಗಿತ್ತು. ಸಂಜೆ ಆಫೀಸಿನಿಂದ ಬಂದ ಶಾಮಣ್ಣ ಸೀಟು ಎತ್ತಿ, ಚಾರ್ಜರ್ ಬಿಡಿಸಿಟ್ಟು, ಲೋಕಲ್ಲಿನ ಮೈಲಿಗೆ ಕಳೆಯಲು ಸ್ನಾನಕ್ಕೆ ಹೋಗುತ್ತಿದ್ದ. ಆ ಸಮಯದಲ್ಲಿ ಅಮ್ಮಣ್ಣಿಯವರು ಮಡಿಯಲ್ಲಿ ಬಂದು, ಮಗ ತೋರಿಸಿದ್ದ ಪ್ರಾಣಸ್ಥಾನದ ಎರಡು ಗೂಟಗಳಿಗೂ ತೇದ ಗಂಧ, ಅರಿಸಿನ, ಕುಂಕುಮ ಹಚ್ಚಿ ಊದುಬತ್ತಿ ಬೆಳಗುತ್ತಿದ್ದರು. ಸ್ನಾನ ಮುಗಿಸಿ ಬಂದ ಶಾಮಣ್ಣ ಅದನ್ನು ನೋಡಿ, ಕಣ್ಣಿಗೊತ್ತಿಕೊಂಡು, ಅದರ ಮೇಲೆಯೇ ಸ್ಕೂಟರಿನ ಕ್ಲಿಪ್ ಕಚ್ಚಿಸಿ ಸೀಟು ಮುಚ್ಚುತ್ತಿದ್ದ. ಕುಂಕುಮ ಇಟ್ಟ ಕಡೆಯೇ ಕೆಡುಕು ಇರಬಹುದೆಂದು ಅವನ ವಂಶದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗಾಡಿಗೆ ಶನಿ ಹಿಡಿದದ್ದು ಖಚಿತವಾದ ಮೇಲೆ ಅಮ್ಮಣ್ಣಿಯವರು ಗಂಧವನ್ನು ಎರಡು ಪಟ್ಟು ದಪ್ಪ ಮಾಡಿದರು.

ಎರಡನೆಯ ಮಹಡಿಯಲ್ಲಿ ಖಂಡಪ್ಪ ಎಂಬ ಹುಬ್ಬಳ್ಳಿ ಕಡೆಯವನಿದ್ದ. ಕುರ್ಲಾದಲ್ಲಿ ಲೋಕಲ್ ರೈಲುಗಳನ್ನು ರಿಪೇರಿ ಮಾಡುವ ಶೆಡ್ಡಿನಲ್ಲಿ ಮೆಕ್ಯಾನಿಕ್. ಪಾಳಿ ಕೆಲಸದವನು, ಶನಿವಾರ ಬೆಳಿಗ್ಗೆ ಅವನು ಡ್ಯೂಟಿಯ ಮೇಲಿರುತ್ತಿದ್ದ. "ಖಂಡಪ್ಪನವರನ್ನ ಒಂದು ಮಾತು ಕೇಳಬಾರದೇನ್ರೀ?" ಎಂದು ಕೌಸಲ್ಯಾ ಹೇಳಿದ್ದಳು.

"ಅವನು ರೈಲಿನವನು. ಅವನಿಗೆ ಸ್ಕೂಟರ್ ಏನು ಗೊತ್ತು?" ಎಂದಿದ್ದ ಶಾಮಣ್ಣ. ಲೋಕಲ್ ರೈಲೂ ಕರೆಂಟಿನಿಂದಲೇ ಓಡುತ್ತದೆ ಎಂಬುದು, ಅದರಲ್ಲಿ ಇಪ್ಪತ್ತೆರಡು ವರ್ಷ ನೇತಾಡಿದ ಮನುಷ್ಯನಿಗೆ ಆ ಕ್ಷಣ ನೆನಪಾಗಲಿಲ್ಲ.

ನವರಾತ್ರಿ ಬಂತು. ಸಂಘದವರು ಆಯುಧಪೂಜೆಯ ದಿನ, ಭಾನುವಾರ ಸಂಜೆ ಐದೂವರೆಗೆ ಕೌಸಲ್ಯಾಳ ಹಾಡು ಎಂದು ಕಾಗದ ಕಳಿಸಿದರು. ಶಾಮಣ್ಣನಿಗೆ ಊಟ ಸೇರದಾಯಿತು. ಆಫೀಸಿನಲ್ಲಿ ಪಾಲಿಸಿ ಕಾಗದದ ಹಿಂಬದಿಗೆ ವಾರಗಳ ಪಟ್ಟಿ ಬರೆದು ಗೀಟು ಹಾಕುತ್ತಿದ್ದ. ಗುರುವಾರ ಅವನಿಗೆ ಥಟ್ಟನೆ ಸತ್ಯ ಹೊಳೆಯಿತು. ಶುಕ್ರವಾರ ಚಾರ್ಜ್ ಮಾಡಿದರೆ ಶನಿವಾರ ಕೆಡುತ್ತದೆ. ಶುಕ್ರವಾರ ಚಾರ್ಜ್ ಮಾಡದೆ ಇದ್ದರೆ?

ಆ ಶುಕ್ರವಾರ ಅವನು ಸೀಟನ್ನೇ ಎತ್ತಲಿಲ್ಲ. ಶನಿವಾರ ಬೆಳಿಗ್ಗೆ ಕಿವಿ ತಿರುವಿದ, ಗಾಡಿ ಹೊರಟಿತು. ಶಾಮಣ್ಣ ಬಿಲ್ಡಿಂಗನ್ನು ಮೂರು ಸುತ್ತು ಸುತ್ತಿ, ಹಾಲಿನ ಬೂತಿಗೆ ಹೋಗಿ, ಬೇಕಿಲ್ಲದ ಹಾಲು ತಂದ. "ಸಿಕ್ಕಿಬಿತ್ತು ಕೌಸಲ್ಯಾ. ತಪ್ಪು ಬ್ರಶ್ಶಲ್ಲೂ ಇಲ್ಲ, ನೀರಲ್ಲೂ ಇಲ್ಲ. ವಾರದಲ್ಲಿದೆ. ನಾಳೆ ಬೆಳಿಗ್ಗೆ ಚಾರ್ಜ್ ಮಾಡ್ತೀನಿ. ಭಾನುವಾರಕ್ಕೆ ಯಾವ ದೋಷವೂ ಇಲ್ಲ." ಸತ್ಯದ ಹೊಸಿಲಿನವರೆಗೆ ಬಂದು, ಬಾಗಿಲು ತಟ್ಟಿ, ಓಡಿಹೋಗುವುದೆಂದರೆ ಹೀಗೆ.

ಭಾನುವಾರ ಮಧ್ಯಾಹ್ನ ಬ್ಯಾಟರಿ ತುಂಬಿತು. ಶಾಮಣ್ಣ ಚಾರ್ಜರ್ ಬಿಡಿಸಿಟ್ಟು ಸ್ನಾನಕ್ಕೆ ಹೋದ. ಆಯುಧಪೂಜೆ, ಅದರ ಮೇಲೆ ಹಿಂದಿನ ಶುಕ್ರವಾರದ ಪೂಜೆ ಬೇರೆ ತಪ್ಪಿಹೋಗಿದೆ. ಅಮ್ಮಣ್ಣಿಯವರು ಬೆಳಿಗ್ಗೆಯಿಂದ ಕೂತು ತೇದಿದ್ದ ಗಂಧವನ್ನೆಲ್ಲ ಎರಡು ಗೂಟಗಳಿಗೂ ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತಿದರು. ಅದರ ಮೇಲೆ ಅರಿಸಿನ, ಅದರ ಮೇಲೆ ಕುಂಕುಮ. ಹ್ಯಾಂಡಲಿಗೆ ಚೆಂಡು ಹೂವಿನ ಹಾರ. ಮುಂದಿನ ಚಕ್ರದ ಕೆಳಗೆ ಒಂದು ನಿಂಬೆಹಣ್ಣು. ಶಾಮಣ್ಣ ಬಂದು ನೋಡಿ, ತಾಯಿಗೆ ನಮಸ್ಕಾರ ಮಾಡಿ, ಕ್ಲಿಪ್ಪುಗಳನ್ನು ಕಚ್ಚಿಸಿದ. ಗಂಧ ಮಧ್ಯಾಹ್ನದ ಬಿಸಿಲಿಗೆ ಚೆನ್ನಾಗಿ ಒಣಗಿತು.

ನಾಲ್ಕೂವರೆಗೆ ಕೌಸಲ್ಯಾ ಹೊರಗೆ ಬಂದಳು. ಹೋದ ವರ್ಷದ್ದೇ ರೇಷ್ಮೆ ಸೀರೆ, ತಲೆಯಲ್ಲಿ ಮಲ್ಲಿಗೆ, ಕೈಯಲ್ಲಿ ಹಾಡಿನ ಪುಸ್ತಕ. ಬಿಲ್ಡಿಂಗಿನ ಅರ್ಧ ಜನ ನೋಡಲು ನಿಂತಿದ್ದರು. ಶಾಮಣ್ಣ ಗಾಡಿ ಹತ್ತಿ ಕಿವಿ ತಿರುವಿದ.

ನಿಂಬೆಹಣ್ಣು ಹಾಗೇ ಇತ್ತು.

ಮತ್ತೆ ತಿರುವಿದ. ಇಳಿದು ನಿಂಬೆಹಣ್ಣನ್ನು ನೋಡಿದ, ಅದೇ ಗಾಡಿಯನ್ನು ಹಿಡಿದು ನಿಲ್ಲಿಸಿದೆಯೋ ಎಂಬಂತೆ.

"ಬ್ರಶ್ಶು," ಎಂದ ಮೋನಪ್ಪ, ನೆಲದ ಮೇಲೆ ಟವೆಲ್ ಹಾಸುತ್ತ.

"ಪಾನಿ," ಎಂದರು ಗುಪ್ತೆ, ಬಾಟಲಿ ಹಿಡಿದು ಬರುತ್ತ.

"ಹೋದ ಸಲ ನೀವು ನೀರು ಹಾಕಿದ್ದಕ್ಕೇ ನನ್ನ ಬ್ರಶ್ಶು ಹಾಳಾದದ್ದು," ಎಂದು ಮೋನಪ್ಪ ಹಿಂದಿಯಲ್ಲಿ ಹೇಳಿದ. ಅಷ್ಟು ದಿನ ಮಾತು ಬಿಟ್ಟಿದ್ದ ಇಬ್ಬರೂ ಆ ನಷ್ಟವನ್ನು ಒಟ್ಟಿಗೆ ತುಂಬಿಕೊಂಡರು. ಬಾಟಲಿಯನ್ನು ಒಬ್ಬರು ಎಳೆದರು, ಸ್ಪ್ಯಾನರನ್ನು ಇನ್ನೊಬ್ಬರು ಕಸಿದರು. ಈ ಸಲ ಯಾರೂ ಇನ್ನೊಬ್ಬರಿಗೆ ಗಾಡಿ ಮುಟ್ಟಲು ಬಿಡಲಿಲ್ಲವಾದ್ದರಿಂದ ಯಾರೂ ಏನನ್ನೂ ಒರೆಸಲಿಲ್ಲ. ಶಾಮಣ್ಣ ಇಬ್ಬರ ನಡುವೆ ಸೀಟಿನ ಒಳಗೆ ತಲೆ ಹಾಕಿ, ಒಂದೊಂದೇ ವೈರನ್ನು ಹಿಡಿದು ಜಗ್ಗುತ್ತ, "ಯಾಕೋ, ಯಾಕೋ," ಎಂದು ಗಾಡಿಯನ್ನೇ ಕೇಳುತ್ತಿದ್ದ. ಅವನ ಬೆನ್ನಿನ ಅಂಗಿ ಒದ್ದೆಯಾಗಿತ್ತು. ಹಿಂದಿನಿಂದ ಯಾರೋ "ರೀ" ಎಂದದ್ದು ಕೇಳಿಸಿತು. "ಒಂದು ನಿಮಿಷ," ಎಂದ. ಎರಡನೆಯ ಸಲ "ರೀ" ಎಂದಾಗಲೂ ಒಂದು ನಿಮಿಷವೇ ಎಂದ. ಮೂರನೆಯ ಸಲಕ್ಕೆ ಕೈ ಮಾತ್ರ ಎತ್ತಿದ.

ಐದಕ್ಕೆ ಹತ್ತು ನಿಮಿಷವಿರುವಾಗ ಖಂಡಪ್ಪ ಡ್ಯೂಟಿ ಮುಗಿಸಿ, ಡಬ್ಬಿಯ ಚೀಲ ಹಿಡಿದು ಗೇಟಿನೊಳಗೆ ಬಂದ.

"ಏನ್ರೀ ಶಾಮಣ್ಣಾರ, ಇಷ್ಟ್ ಮಂದಿ ಕೂಡೀರಿ? ಯಾರಿಗರ ಏನರ ಆಗೇತೇನ?"

ಶಾಮಣ್ಣ ತಲೆ ಹೊರಗೆ ತೆಗೆದ. ಆ ಮುಖವನ್ನು ನೋಡಿ ಖಂಡಪ್ಪ ಮತ್ತೇನೂ ಕೇಳಲಿಲ್ಲ. ಚೀಲ ಕೆಳಗಿಟ್ಟು, ಸೀಟಿನೊಳಗೆ ಬಗ್ಗಿ, ಒಂದು ಕ್ಲಿಪ್ ಬಿಡಿಸಿ, ಗೂಟವನ್ನು ಉಗುರಿನಿಂದ ಕೆರೆದು ಮೂಸಿದ. ಆಮೇಲೆ ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದ ಅಮ್ಮಣ್ಣಿಯವರನ್ನು ನೋಡಿದ. ಆಮೇಲೆ ಶಾಮಣ್ಣನ ಕಿವಿಯ ಹತ್ತಿರ ಬಂದ.

"ಗಂಧ ಹಚ್ಚೋರು ಯಾರ್ರಿ?" ಎಂದ ಮೆಲ್ಲಗೆ.

"ಅಮ್ಮ. ಪ್ರತಿ ಶುಕ್ರವಾರ."

"ಹಂಗಾದ್ರ ಕರೆಂಟ್ ಹೆಂಗ ದಾಟಬೇಕ್ರಿ? ನಡುವ ಗ್ವಾಡಿ ಕಟ್ಟೀರಲ್ಲ. ಒರಸ್ರಿ ಇದನ್ನ, ಓಡತೈತಿ."

ಶಾಮಣ್ಣ ಗೂಟಗಳನ್ನು ನೋಡಿದ. ನಾಲ್ಕು ವಾರದ ಶನಿವಾರಗಳು ಒಂದರ ಹಿಂದೆ ಒಂದು ಅವನ ಕಣ್ಣ ಮುಂದೆ ಸಾಲಾಗಿ ಬಂದವು: ಮೋನಪ್ಪನ ಟವೆಲ್, ಗುಪ್ತೆಯವರ ಬನಿಯನ್. ಬ್ರಶ್ಶೂ ಅಲ್ಲ, ನೀರೂ ಅಲ್ಲ, ವಾರವೂ ಅಲ್ಲ. ಪ್ರಾಣ ಇಲ್ಲಿದೆ ಎಂದು ಬೆರಳಿಟ್ಟು ತೋರಿಸಿದವನು ಅವನೇ.

ಅಮ್ಮಣ್ಣಿಯವರು ಕುರ್ಚಿಯಿಂದ ಮುಂದಕ್ಕೆ ಬಾಗಿ ನೋಡುತ್ತಿದ್ದರು. ಆಯುಧಪೂಜೆಯ ದಿನ ಇಟ್ಟ ಕುಂಕುಮವನ್ನು ಅವರೆದುರಿಗೆ ಒರೆಸುವುದು ಶಾಮಣ್ಣನಿಂದ ಆಗುವ ಕೆಲಸವಾಗಿರಲಿಲ್ಲ. "ಮೋನಪ್ಪ, ನೀವು ಈ ಕಡೆ ನಿಲ್ಲಿ. ಗುಪ್ತೆ ಸಾಹೇಬ್, ಆಪ್ ಇಧರ್," ಎಂದು ಎರಡೂ ಪಕ್ಷದ ನಾಯಕರನ್ನು ಪರದೆಯ ಹಾಗೆ ನಿಲ್ಲಿಸಿ, ಕರವಸ್ತ್ರ ತೆಗೆದು ಎರಡು ಗೂಟಗಳನ್ನೂ ಸೀಸ ಹೊಳೆಯುವ ತನಕ ಉಜ್ಜಿದ. ಖಂಡಪ್ಪ ಕ್ಲಿಪ್ ಕಚ್ಚಿಸಿದ. ಶಾಮಣ್ಣ ಗಾಡಿ ಹತ್ತಿ ಕಿವಿಯನ್ನು ಕೂದಲೆಳೆಯಷ್ಟು ತಿರುವಿದ. ಸದ್ದಿಲ್ಲದ ಗಾಡಿ ಸದ್ದಿಲ್ಲದೆ ಮುಂದೆ ಬಂತು. ನಿಂಬೆಹಣ್ಣು ಪಿಚ್ಚೆಂದು ಅಪ್ಪಚ್ಚಿಯಾಯಿತು.

"ಏನ್ ಕೆಟ್ಟಿತ್ತೋ ಶಾಮು?" ಅಮ್ಮಣ್ಣಿಯವರು ಕೂಗಿ ಕೇಳಿದರು.

ಎಲ್ಲರೂ ಅವನನ್ನೇ ನೋಡಿದರು. ಬ್ರಶ್ಶು ಎಂದರೆ ಮೋನಪ್ಪ ಗೆಲ್ಲುತ್ತಿದ್ದ. ನೀರು ಎಂದರೆ ಗುಪ್ತೆ. ಖಂಡಪ್ಪ ತನ್ನ ಡಬ್ಬಿಯ ಚೀಲದ ಹಿಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

"ನನ್ನದೇ ತಪ್ಪಮ್ಮ," ಎಂದ ಶಾಮಣ್ಣ. "ಕ್ಲಿಪ್ ನಾನೇ ಸರಿಯಾಗಿ ಹಾಕ್ತಿರಲಿಲ್ಲ."

ಒಂದು ತಿಂಗಳು ಕಟ್ಟಿ ಬೆಳೆಸಿದ ಎರಡು ಪಕ್ಷಗಳು ಒಂದು ಕ್ಲಿಪ್ಪಿನಿಂದ ಬಿದ್ದುಹೋದದ್ದನ್ನು ಯಾರೂ ಕ್ಷಮಿಸುವಂತಿರಲಿಲ್ಲ. "ನಾನು ನೆಲದಲ್ಲಿ ಮಲಗಿದ್ದು ಇದಕ್ಕಾ ಮಾರಾಯ್ರೆ," ಎಂದ ಮೋನಪ್ಪ. ಗುಪ್ತೆಯವರು ನಾಳೆಯೇ ಹೊಸ ನೋಟೀಸು ಎಂದರು. ಇಬ್ಬರೂ ಶಾಮಣ್ಣನನ್ನು ಬೈಯುವುದರಲ್ಲಿ ಒಂದಾಗಿ, ಒಂದೇ ಬೀಡಾ ಹಂಚಿಕೊಂಡರು. ಶಾಮಣ್ಣ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಹಿಂದಿನ ಸೀಟನ್ನು ತಟ್ಟಿ ಕರೆದ: "ಕೌಸಲ್ಯಾ, ಬಾ ಬಾ, ಇನ್ನೂ ಹೊತ್ತಿದೆ."

"ಅವಳು ಹೋಗಿ ಆಗ್ಲೇ ಕಾಲು ಗಂಟೆ ಆಯ್ತು. ಆಟೋ ಹಿಡಿದು ಹೋದ್ಲು," ಎಂದರು ಅಮ್ಮಣ್ಣಿಯವರು. "ಮೂರು ಸಲ ಕರೆದ್ಲು ನಿನ್ನ. ನಿನ್ನ ತಲೆ ಆ ಪೆಟ್ಟಿಗೆ ಒಳಗಿತ್ತು."

ಶಾಮಣ್ಣನ ಕೈ ಹ್ಯಾಂಡಲಿನಿಂದ ಜಾರಿತು. ಗಾಡಿ ತಂದಂದಿನಿಂದ ಅವನು ಈ ಒಂದು ಸಂಜೆಗಾಗಿ ಬದುಕಿದ್ದ. ಗಾಡಿ ಸಿದ್ಧವಾಗಿದೆ, ರಸ್ತೆ ಇದೆ, ಹಾರವಿದೆ. ಕೂರಬೇಕಾದವಳು ಒಬ್ಬಳೇ ಹೊರಟುಹೋಗಿದ್ದಳು. ಅವನಿಗೆ ಜನರೆದುರಿಗೇ ಅಳು ಬಂತು. ಕರವಸ್ತ್ರದಿಂದ ಮುಖ ಒರೆಸಿಕೊಂಡ.

"ನಿಂತ್ಕೊಂಡ್ರೆ ಏನಾಗುತ್ತೆ?" ಅಮ್ಮಣ್ಣಿಯವರು ಕುರ್ಚಿಯಿಂದ ಎದ್ದಿದ್ದರು. "ನನ್ನ ಕೂರಿಸ್ಕೋ. ಸೊಸೆ ಹಾಡನ್ನ ಅಡುಗೆಮನೆಯಲ್ಲಿ ಕೇಳಿದೀನಿ, ವೇದಿಕೆ ಮೇಲೆ ಒಂದು ಸಲವೂ ಕೇಳಿಲ್ಲ."

ಮೋನಪ್ಪನ ಹೆಂಡತಿ ವಾರಿಜಾ ಒಂದು ಕಡೆ, ಖಂಡಪ್ಪ ಒಂದು ಕಡೆ ಹಿಡಿದು ಎಪ್ಪತ್ತನಾಲ್ಕು ವರ್ಷದ ಅಮ್ಮಣ್ಣಿಯವರನ್ನು ಹಿಂದಿನ ಸೀಟಿನ ಮೇಲೆ ಅಡ್ಡವಾಗಿ ಕೂರಿಸಿದರು. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಗನ ಅಂಗಿಯ ಕೊರಳನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡರು. ಗಾಡಿ ಗೇಟು ದಾಟಿತು.

"ಹೊರಟಿತೇನೋ?" ಎಂದು ಸ್ವಲ್ಪ ಹೊತ್ತಿಗೆ ಕೇಳಿದರು.

"ಹೊರಟು ಹಾಲಿನ ಬೂತೂ ದಾಟಿತಮ್ಮ. ಕಣ್ಣು ಬಿಡು."

ಅಮ್ಮಣ್ಣಿಯವರು ಕಣ್ಣು ಬಿಟ್ಟರು. ಆಮೇಲೆ ಹಳಿಯ ಆಚೆಗೆ ಸುತ್ತಿ ಹೋಗುವ ರಸ್ತೆಯುದ್ದಕ್ಕೂ ಅವರು ಕಣ್ಣು ಮುಚ್ಚಲೇ ಇಲ್ಲ. ಸಿಗ್ನಲ್ಲಿನಲ್ಲಿ ಪಕ್ಕದಲ್ಲಿ ನಿಂತ ಟ್ಯಾಕ್ಸಿಯವನಿಗೆ, ಪೆಟ್ರೋಲ್ ಇಲ್ಲದೆ ಓಡುತ್ತೆ ಎಂದು ಕನ್ನಡದಲ್ಲೇ ಹೇಳಿದರು.

ಶಾಲೆಯ ಬಾಗಿಲಿಗೆ ಬಂದಾಗ ಒಳಗೆ ತಂಬೂರಿ ನುಡಿಯುತ್ತಿತ್ತು. ಸಂಘದವರು ಓಡಿ ಬಂದು ಅಮ್ಮಣ್ಣಿಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ವೇದಿಕೆಯ ಮೇಲೆ ಕಣ್ಣು ಮುಚ್ಚಿ ಶ್ರುತಿ ಹಿಡಿದಿದ್ದ ಕೌಸಲ್ಯಾ ಕಣ್ಣು ತೆರೆದಳು. ಎದುರಿಗೆ ಅತ್ತೆ, ಹಿಂದೆ ಬಾಗಿಲ ಬಳಿ ಗಂಡ. ಆಮೇಲೆ ಹಾಡಿದಳು. ಮನೆಯಲ್ಲಿ ಹಾಡುವುದಕ್ಕಿಂತ ಅರ್ಧ ಶ್ರುತಿ ಏರಿಸಿ, ತೆರೆದ ಗಂಟಲಿನಿಂದ ಹಾಡಿದಳು. ಗಾಡಿ ಬಂದಂದಿನಿಂದ ಒಂದು ಕಡೆ ಕೂರದ, ನಿಲ್ಲದ ಶಾಮಣ್ಣ ಬಾಗಿಲಿಗೆ ಒರಗಿ, ಗಾಡಿಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂದು ಕೂಡ ತಿರುಗಿ ನೋಡದೆ, ಹಾಡು ಮುಗಿಯುವ ತನಕ ನಿಂತ. ಅವನಿಗೆ ಬಹಳ ಸಂತೋಷವಾಗಿತ್ತು.

ಹಾಡು ಮುಗಿಸಿ ಕೌಸಲ್ಯಾ ಹೊರಗೆ ಬಂದಳು. "ನನ್ನ ಮಾತು ಉಳಿಸಿಕೊಳ್ಳೋಕೆ ಆಗಲಿಲ್ಲ," ಎಂದ ಶಾಮಣ್ಣ.

"ಒಂದು ಮೆಟ್ಟಿಲೂ ಹತ್ತಲಿಲ್ಲವಲ್ಲ ನಾನು. ಆಟೋ ಬಾಗಿಲಿಗೇ ಬಂತು," ಎಂದಳು ಅವಳು. "ಏನಾಗಿತ್ತು ಗಾಡಿಗೆ?"

"ಕ್ಲಿಪ್ ನಾನು ಸರಿಯಾಗಿ ಹಾಕಿರಲಿಲ್ಲ."

ಕೌಸಲ್ಯಾ ಅವನ ಮುಖವನ್ನು ದೀಪದ ಬೆಳಕಿಗೆ ತಿರುಗಿಸಿದಳು. ಕರವಸ್ತ್ರದಿಂದ ಒರೆಸಿಕೊಂಡ ಹಣೆ, ಮೂಗು, ಎರಡು ಕೆನ್ನೆ, ಎಲ್ಲ ಕಡೆ ಗಂಧ, ಅರಿಸಿನ, ಕುಂಕುಮ. ಅವಳಿಗೆ ಶುಕ್ರವಾರಗಳ ಲೆಕ್ಕ ಹಾಕಲು ಗಂಡನಷ್ಟು ಹೊತ್ತು ಬೇಕಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು, ಮೂರು ಜನ ತಿರುಗಿ ನೋಡುವಷ್ಟು ನಕ್ಕಳು. ಆಮೇಲೆ ಹಾಡಿನ ಪುಸ್ತಕವನ್ನು ಅವನ ಕೈಗೆ ಕೊಟ್ಟು, ಹಿಂದಿನ ಸೀಟಿನ ಮೇಲೆ ಹೋಗಿ ಕೂತಳು. ಅಮ್ಮಣ್ಣಿಯವರನ್ನು ಸಂಘದವರು ಆಟೋದಲ್ಲಿ ಕಳಿಸಿದರು. ಆಟೋ ಬಹಳ ಗಲಾಟೆ ಮಾಡುತ್ತದೆ ಎಂದು ಅವರು ದಾರಿಯುದ್ದಕ್ಕೂ ದೂರಿದರಂತೆ.

ಮುಂದಿನ ಶುಕ್ರವಾರ ಸಂಜೆ ಶಾಮಣ್ಣ ಸೀಟು ಮುಚ್ಚಿ ಅದರ ಮೇಲೆ ಗಟ್ಟಿಯಾಗಿ ಕೂತಿದ್ದ. ಅಮ್ಮಣ್ಣಿಯವರು ಗಂಧದ ಬಟ್ಟಲು ಹಿಡಿದು ಬಂದರು.

"ಅಮ್ಮ, ಇನ್ಮೇಲೆ ಪೂಜೆ ಮುಂದಿನ ದೀಪಕ್ಕೆ ಮಾಡು," ಎಂದ. "ಖಂಡಪ್ಪ ರಿಪೇರಿ ಮಾಡುವಾಗ ಪ್ರಾಣವನ್ನ ಅಲ್ಲಿಗೆ ಸಾಗಿಸಿದಾನೆ."

ಅಮ್ಮಣ್ಣಿಯವರು ಮಗನನ್ನು ನೋಡಿದರು. ಒಗೆಯಲು ಹಾಕಿದ್ದ ಅವನ ಅರಿಸಿನ ಹತ್ತಿದ ಕರವಸ್ತ್ರವನ್ನು ಸೋಮವಾರವೇ ಅವರು ನೋಡಿದ್ದರು. ಮುಂದಿನ ದೀಪಕ್ಕೆ ಗಂಧ ಹಚ್ಚಿ, ಕುಂಕುಮವಿಟ್ಟು, ಉಳಿದದ್ದನ್ನು ಅವನ ಹಣೆಗೆ ಒತ್ತಿದರು.

"ಪ್ರಾಣ ಎಲ್ಲಿದೆ ಅಂತ ತೋರಿಸಿದೋನು ನೀನು. ಗಂಧ ಮೆತ್ತಿದೋಳು ನಾನು. ಮಧ್ಯದಲ್ಲಿ ಪಾಪ, ಆ ಶನಿದೇವರು ಒಂದು ತಿಂಗಳು ಬೈಸ್ಕೊಂಡ," ಎಂದರು.

ಮರುದಿನ, ಶನಿವಾರ, ಗಾಡಿ ಒಂದೇ ಸಲಕ್ಕೆ ಹೊರಟಿತು. ಅಮ್ಮಣ್ಣಿಯವರು ಒಳಗೆ ಶನಿದೇವರಿಗೆ ಒಂದು ಎಳ್ಳೆಣ್ಣೆ ದೀಪ ಹೆಚ್ಚಿಗೆ ಹಚ್ಚಿ, ತಪ್ಪಾಯಿತು ಎಂದು ಕೆನ್ನೆ ಬಡಿದುಕೊಂಡರು.